ಎರಡು ಮಾರು, ಒಂದು ಮೊಳ

ನಮ್ಮ ಜೀಪಿನ ಉದ್ದ ಎರಡು ಮಾರು, ಒಂದು ಮೊಳ. ಇದು ನಿಮ್ಮ ಅಜ್ಜನ ಲೆಕ್ಕ. ಎರಡೂ ಕೈ ಅಗಲಕ್ಕೆ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು, ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ. ನಿಮ್ಮ ಶಾಲೆಯಲ್ಲಿ ಸೆಂಟಿಮೀಟರ್ ಕಲಿಸುತ್ತಾರೆ, ಇದನ್ನು ಕಲಿಸುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ. ಈ ಲೆಕ್ಕ ಗೊತ್ತಿಲ್ಲದಿದ್ದರೆ ನಾನು ಮಾಡಿದ ತಪ್ಪು ನಿಮಗೆ ತಿಳಿಯುವುದಿಲ್ಲ.

ಅಜ್ಜ ಜೀಪು ತಂದ ವಾರ ಅದಕ್ಕೆ ಮಳೆಗಾಲದ ಟಾರ್ಪಾಲು ಹೊಲಿಸಬೇಕಿತ್ತು. ಅಂಗಡಿಗೆ ಹೋಗುವ ಮೊದಲು ಅವರು ಜೀಪಿನ ಮಗ್ಗುಲಿಗೆ ಎದೆ ಒತ್ತಿ ನಿಂತು ಎರಡೂ ಕೈ ಚಾಚಿದರು. ಕೈ ಮುಗಿದಲ್ಲಿ ನಾನು ಬೆರಳಿಟ್ಟು ಗುರುತು ಹಿಡಿಯಬೇಕು, ಅಲ್ಲಿಂದ ಅವರು ಮತ್ತೆ ಚಾಚಬೇಕು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರು ಹಾಗೆ ಪ್ರೀತಿಯಿಂದ ತಬ್ಬಿಕೊಂಡದ್ದು ಏನಾದರೂ ಇದ್ದರೆ ಅದು ಆ ಜೀಪು ಎಂದು ಪಕ್ಕದ ದರ್ಜಿಯ ಹೆಂಡತಿ ನಗೆಯಾಡಿದ್ದಳು. ನಾನು ಒಳಗೆ ಓಡಿಹೋಗಿದ್ದೆ. ಅಂಗಿಯ ಎದೆಗೆ ಹತ್ತಿದ ಕೆಂಪು ಧೂಳನ್ನು ಒಗೆದು ತೆಗೆದವಳೂ ನಾನೇ.

ಅಲ್ಲಿಂದ ಮುಂದೆ ಟಾರ್ಪಾಲಿನವರಿಗೆ, ಪೇಂಟಿನವರಿಗೆ, ಯಾರು ಕೇಳಿದರೂ ಕೇಳದಿದ್ದರೂ ಅವರದು ಒಂದೇ ಉತ್ತರ: “ಎರಡು ಮಾರು, ಒಂದು ಮೊಳ.” ಆ ಒಂದು ಮೊಳದಲ್ಲಿ ಹಿಂದಿನ ಕಬ್ಬಿಣದ ಮೆಟ್ಟಿಲೂ ಸೇರಿತ್ತು. ಆ ಮೆಟ್ಟಿಲನ್ನು ವೆಲ್ಡಿಂಗ್ ಮಾಡಿಸಿದ್ದು ನನಗಾಗಿ, ಯಾಕೆಂದರೆ ಕುಳ್ಳಿಯಾದ ನನಗೆ ಜೀಪು ಹತ್ತಲು ಆಗುತ್ತಿರಲಿಲ್ಲ. ಕಡಬದಿಂದ ಗುಂಡ್ಯಕ್ಕೆ ಹೋಗುವ ಜನರೆಲ್ಲ ಅದರ ಮೇಲೆ ನಿಂತು ನೇತಾಡಿಕೊಂಡು ಹೋದರು ಎಂಬುದು ಆಮೇಲಿನ ಮಾತು.

ಅಜ್ಜ ಹೋದ ಮೇಲೆ, ಕಡಬದಿಂದ ಗುಂಡ್ಯಕ್ಕೆ ಬಾಡಿಗೆಗೆ ಜನ ಸಾಗಿಸುತ್ತಿದ್ದ ಜೀಪು ಸರ್ವಿಸ್ ನಿಂತಿತು. ಕಡಬದಲ್ಲಿ ದರ್ಜಿ ಅಂಗಡಿಯ ಹಿಂದೆ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ, ಎದುರಿಗೆ ಮೂರು ಬಸ್ಸು ತಿರುಗುವಷ್ಟು ಅಂಗಳ. ಜೀಪು ಅಲ್ಲಿ ನಿಂತಿರುತ್ತಿತ್ತು. ನಿಮ್ಮ ಅಮ್ಮ ಭಾನುವಾರ ಅದನ್ನು ಕೋಡಿಂಬಾಳದವರೆಗೆ ಓಡಿಸಿಕೊಂಡು ಬರುವಳು, ಬ್ಯಾಟರಿ ಸಾಯಬಾರದೆಂದು. ಓಡಿಸಲು ಅಜ್ಜನೇ ಅವಳಿಗೆ ಕಲಿಸಿದ್ದರು. ಪಾರ್ಕಿಂಗ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಎಲ್ಲಿ ಇಗ್ನಿಶನ್ ಆಫ್ ಮಾಡಿದರೆ ಅಲ್ಲೇ ಪಾರ್ಕಿಂಗ್.

ಆ ವರ್ಷ ನಿಮ್ಮ ಅಮ್ಮನಿಗೆ ಪುತ್ತೂರಿನ ಶಾಲೆಗೆ ವರ್ಗವಾಯಿತು. ನಿಮ್ಮ ಅಪ್ಪ ಘಟ್ಟದ ಮೇಲೆ ಲೈನ್‌ಮ್ಯಾನ್ ಕೆಲಸದಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ನಿಮ್ಮಲ್ಲಿ ದೊಡ್ಡವಳಿಗೆ ಹತ್ತು ವರ್ಷ, ಸಣ್ಣವನಿಗೆ ಆರು. ಶಾಲೆ ಶುರುವಾಗುವ ಮೊದಲು ಪುತ್ತೂರಿನಲ್ಲಿ ಫ್ಲ್ಯಾಟ್ ಹಿಡಿಯಬೇಕು ಎಂದಾಯಿತು.

ಅದೇ ಹೊತ್ತಿಗೆ ಗುಂಡ್ಯದ ಹೈವೇ ಬದಿಯ ಒಬ್ಬ ಹೋಟೆಲಿನವರು ಜೀಪು ಕೇಳಿಕೊಂಡು ಬಂದರು. ಓಡಿಸಲು ಅಲ್ಲ. ಚಕ್ರ ಬಿಚ್ಚಿ, ಕಲ್ಲಿನ ಮೇಲೆ ಇಟ್ಟು, ಒಳಗೆ ಮಣ್ಣು ತುಂಬಿಸಿ ಹೂವಿನ ಗಿಡ ನೆಡುತ್ತಾರಂತೆ. ಘಾಟಿ ಹತ್ತುವ ಪ್ರವಾಸಿಗಳು ಅದರ ಎದುರು ನಿಂತು ಸೆಲ್ಫಿ ತೆಗೆಯುತ್ತಾರಂತೆ.

“ಡ್ರೈವರ್ ಸೀಟಿನಲ್ಲಿ ದಾಸವಾಳ ಇಡುವ ಅಂತ ಉಂಟು,” ಎಂದರು ಖುಷಿಯಿಂದ.

ಅವರು ಹೋದ ಮೇಲೆ ನಿಮ್ಮ ಅಮ್ಮ ಹೇಳಿದಳು: “ನೋಡಮ್ಮ, ಫ್ಲ್ಯಾಟಿನಲ್ಲಿ ಇದಕ್ಕೆ ಜಾಗ ಸಿಕ್ಕಿದರೆ ತಕೊಂಡು ಹೋಗುವ. ಸಿಗದಿದ್ದರೆ ಅವರಿಗೇ ಕೊಡುದು. ರಸ್ತೆ ಬದಿ ಬಿಟ್ಟು ತುಕ್ಕು ಹಿಡಿಸುದಕ್ಕಿಂತ ಅದು ಒಳ್ಳೇದು.”

ನ್ಯಾಯದ ಮಾತೇ. ಬೇಡ, ಕೊಡುವುದು ಬೇಡ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಕೆಲಸ, ಮಕ್ಕಳು, ಮನೆ ಎಲ್ಲವನ್ನೂ ಒಬ್ಬಳೇ ಎಳೆಯುವವಳ ಹತ್ತಿರ, ಡ್ರೈವಿಂಗ್ ಕೂಡ ಬಾರದ ಮುದುಕಿ ನನಗೊಂದು ಜೀಪು ಬೇಕು ಎನ್ನುವುದು ಹೇಗೆ? ಹಾಗಾಗಿ ಬಾಯಿ ಬಿಡದೆಯೇ ಜಾಗ ಹುಡುಕುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿದೆ. ಮನೆ ನೋಡಲು ಹೋಗುವಾಗ “ನಾನೂ ಬರ್ತೇನೆ” ಎಂದೆ. ಅಡಿಗೆಮನೆ ನೋಡಲಿಕ್ಕಿರಬೇಕು ಎಂದುಕೊಂಡಳು ನಿಮ್ಮ ಅಮ್ಮ.

ಬ್ರೋಕರ್ ಒಬ್ಬರು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲೇ ಕಾದಿದ್ದರು. ಎರಡು ಕಿವಿಗೆ ಎರಡು ಫೋನು, ನಡುವೆ ನಮಗೆ ಮಾತು.

“ಪಾರ್ಕಿಂಗ್ ಉಂಟಾ?” ಕೇಳಿದಳು ನಿಮ್ಮ ಅಮ್ಮ.

“ಪಾರ್ಕಿಂಗಾ? ಎಂತ ಮೇಡಂ ಕೇಳುದು! ಬಸ್ಸು ನಿಲ್ಲಿಸಬಹುದು.”

ಮೊದಲನೆಯ ಕಟ್ಟಡ ಗುಡ್ಡದ ಇಳಿಜಾರಿನಲ್ಲಿತ್ತು. ಪಾರ್ಕಿಂಗ್ ನೆಲದಡಿಯಲ್ಲಿ. ಬಾವಿಗೆ ಇಳಿದ ಹಾಗೆ ಕೆಳಗಿಳಿದರೆ ತಲೆಯ ಮೇಲೆ ಒಂದು ದಪ್ಪ ಕಾಂಕ್ರೀಟ್ ತೊಲೆ. ಕೈ ಎತ್ತಿ ಕೊಡೆಯ ತುದಿಯಿಂದ ಮುಟ್ಟಿ ನೋಡಿದೆ; ಕೊಡೆ ಪೂರ್ತಿ ಎತ್ತುವ ಮೊದಲೇ ಟಣ್ ಎಂದಿತು. ನಮ್ಮ ಜೀಪು ಇಲ್ಲಿಗೆ ಬಂದರೆ ಮೇಲಿನ ಹುಡ್ ಹೊರಗೆ, ಉಳಿದದ್ದು ಒಳಗೆ. ಬಸ್ಸು ಎಲ್ಲಿ ನಿಲ್ಲಿಸುತ್ತಾರೋ ಬ್ರೋಕರಿಗೇ ಗೊತ್ತು. ಮೇಲೆ ಬಂದಾಗ ನಿಮ್ಮ ಅಮ್ಮ ಮನೆ ಚಂದ ಉಂಟು ಎನ್ನುತ್ತಿದ್ದಳು. ನಾನು “ಮುಗ್ಗು ವಾಸನೆ ಬರ್ತದೆ” ಎಂದೆ. ಸುಳ್ಳು. ಆದರೆ ಆ ಮನೆ ತಪ್ಪಿತು.

ಎರಡನೆಯ ಮನೆಯ ಯಜಮಾನತಿ ನಮ್ಮನ್ನು ಸಾಲಾಗಿ ಕೂರಿಸಿ ಪ್ರಶ್ನೆ ಕೇಳಿದರು. ಎಷ್ಟು ಜನ, ಎಷ್ಟು ಗಂಟೆಗೆ ಮಲಗುತ್ತೀರಿ, ಒಣಮೀನು ಸುಡುತ್ತೀರಾ. ಒಣಮೀನಿನ ವಿಷಯಕ್ಕೆ ಬಂದಾಗ ನಾನೂ ನಿಮ್ಮ ಅಮ್ಮನೂ ಮುಖ ಮುಖ ನೋಡಿಕೊಂಡೆವು.

“ಕೆಲವು ಸಲ,” ಎಂದಳು ನಿಮ್ಮ ಅಮ್ಮ.

“ಗಾಳಿ ಯಾವ ಕಡೆಗೆ ಬೀಸ್ತದೆ ಅಂತ ನೋಡಿ ಸುಡ್ಬೇಕು,” ಎಂದರು ಅವರು. ಆಮೇಲೆ ಪಾರ್ಕಿಂಗ್ ತೋರಿಸಿದರು. ಗೇಟಿನ ಒಳಗೆ ಒಂದು ತೆಂಗಿನ ಮರ, ಅದರ ಬುಡವೇ ನಮ್ಮ ಜಾಗ. ಮರದ ತುಂಬ ಕಾಯಿ.

“ಅಕ್ಕ, ಕಾಯಿ ಬಿದ್ದರೆ?” ಕೇಳಿದಳು ನಿಮ್ಮ ಅಮ್ಮ.

“ಬಿದ್ದದ್ದನ್ನು ನಮಗೆ ಕೊಡ್ಬೇಕು. ಅದು ಬಾಡಿಗೆಯಲ್ಲಿ ಸೇರುದಿಲ್ಲ.”

ಗೇಟು ದಾಟುವವರೆಗೆ ಇಬ್ಬರೂ ನಗು ತಡೆದುಕೊಂಡೆವು.

ಮೂರನೆಯ ಕಟ್ಟಡದ ಯಜಮಾನರು ನಿವೃತ್ತ ಡ್ರಿಲ್ ಮಾಸ್ಟರ್. ಆರಡಿ ಆಳು, ಈಗಲೂ ಬಿಳಿ ಕ್ಯಾನ್ವಾಸ್ ಶೂ, ಕುತ್ತಿಗೆಯಲ್ಲಿ ವಿಸಿಲ್. ಮೂರು ಮಹಡಿಯ ಕಟ್ಟಡ, ಮೇಲಿನದರಲ್ಲಿ ಅವರೇ ಇರುತ್ತಾರೆ. ಕೆಳಗೆ ಕಂಬಗಳ ನಡುವೆ ಪಾರ್ಕಿಂಗ್. ಅಲ್ಲಿ ನೆಲದ ಮೇಲೆ ಕಬಡ್ಡಿ ಅಂಕಣದ ಹಾಗೆ ಹಳದಿ ಗೆರೆಗಳು. ತಾವೇ ದಾರ ಹಿಡಿದು ಬಳಿದದ್ದಂತೆ.

“ಒಂದು ಮನೆಗೆ ಒಂದು ಅಂಕಣ. ಗೆರೆ ಮೆಟ್ಟಬಹುದು, ದಾಟಬಾರದು. ದಾಟಿದರೆ ಔಟ್,” ಎಂದು ವಿಸಿಲ್ ಮುಟ್ಟಿ ತೋರಿಸಿದರು. “ನಿಮ್ಮ ವಾಹನ ಯಾವುದು?”

“ಒಂದು ಹಳೇ ಜೀಪು, ಸರ್.”

“ಜೀಪಾ? ಹಿಡಿತದಾ ಸರಿಯಾಗಿ ನೋಡಿಕೊಳ್ಳಿ. ಮತ್ತೆ ನನ್ನ ಹತ್ತಿರ ಬರ್ಬಾರದು.”

ಅವರೆಲ್ಲ ಮನೆ ನೋಡಲು ಮೇಲೆ ಹೋದರು. ನನಗೆ ಮೊಣಕಾಲು ನೋವು ಎಂದು ಕೆಳಗೆ ಉಳಿದೆ. ಅತ್ತ ಇತ್ತ ನೋಡಿದೆ. ಯಾರೂ ಇಲ್ಲ. ನಮ್ಮ ಅಂಕಣದ ಬದಿಯ ಗೋಡೆಗೆ ಎದೆ ಒತ್ತಿ, ಹಲ್ಲಿಯ ಹಾಗೆ ಅಂಟಿಕೊಂಡು, ಎರಡೂ ಕೈ ಚಾಚಿದೆ. ಬಲಗೈ ಮುಗಿದಲ್ಲಿ ತಲೆಯ ಹೇರ್‌ಪಿನ್ ತೆಗೆದು ಗೋಡೆಗೆ ಒಂದು ಗೀರು ಹಾಕಿದೆ. ಮತ್ತೆ ಅಲ್ಲಿಂದ ಒಂದು ಮಾರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು.

“ಅಯ್ಯೋ! ಎಂತಾಯ್ತು? ತಲೆ ತಿರುಗಿತಾ? ಗೋಡೆ ಬಿಡ್ಬೇಡಿ, ಗಟ್ಟಿ ಹಿಡ್ಕೊಳ್ಳಿ!”

ತಿರುಗಿ ನೋಡಿದರೆ, ತಲೆಗೆ ಬಿಳಿ ವಸ್ತ್ರ ಹೊದ್ದ ನನ್ನದೇ ಪ್ರಾಯದ ಒಬ್ಬ ಹೆಂಗಸು ಕೈಯಲ್ಲಿ ನೀರಿನ ಚೊಂಬು ಹಿಡಿದುಕೊಂಡು ಓಡಿ ಬರುತ್ತಿದ್ದಾರೆ. ಕೆಳಗಿನ ಮನೆಯವರು, ನೀವು ಈಗ ಉಮ್ಮ ಎಂದು ಕರೆಯುವವರು. ನಾಚಿಕೆಯಾಗಿ, ಅಳೆಯುತ್ತಿದ್ದೇನೆ ಎನ್ನುವ ಬದಲು ತಲೆ ಅಲ್ಲಾಡಿಸಿದೆ. ಅದನ್ನು ಅವರು ಹೌದು ಎಂದುಕೊಂಡು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ನೀರು ಕುಡಿಸಿ, ಸೆರಗಿನಿಂದ ಗಾಳಿ ಹಾಕಿದರು. ಅವರು ಒಳಗೆ ಹೋಗುವುದನ್ನೇ ಕಾದು ಓಡಿಹೋಗಿ ಕೊನೆಯ ಮೊಳವನ್ನು ಅಳೆದು ಮುಗಿಸಿದೆ. ಎರಡು ಮಾರು, ಒಂದು ಮೊಳ, ಅದರ ಮೇಲೆ ನಾಲ್ಕು ಬೆರಳು ಮಿಕ್ಕಿತು!

ಅವರೆಲ್ಲ ಇಳಿದು ಬಂದರು. ಮನೆ ನಿಮ್ಮ ಅಮ್ಮನಿಗೆ ಹಿಡಿಸಿತ್ತು. ಅಂಕಣ ನೋಡಿ ಮುಖ ಸಣ್ಣ ಮಾಡಿದಳು. “ಜೀಪು ಹಿಡಿಯುದು ಸಂಶಯ.”

“ಹಿಡಿತದೆ,” ಎಂದೆ ನಾನು. “ಅಳೆದಿದ್ದೇನೆ. ಎರಡು ಮಾರು ಒಂದು ಮೊಳ ಉಂಟು.”

ಹೊರಗಿನವರ ಎದುರು ಅಷ್ಟು ಗಟ್ಟಿಯಾಗಿ, ಅಷ್ಟು ಖಂಡಿತವಾಗಿ ನಾನು ಮಾತಾಡಿದ್ದು ಅದೇ ಮೊದಲು. ನಿಮ್ಮ ಅಮ್ಮ ಬೆರಗಾಗಿ ನನ್ನನ್ನು ನೋಡಿ, ಮರುಮಾತಾಡದೆ ಒಪ್ಪಿಕೊಂಡಳು. ಗುಂಡ್ಯದವರಿಗೆ ಫೋನು ಮಾಡಿ ಜೀಪು ಕೊಡುವುದಿಲ್ಲ ಎಂದಳು. ಬಸ್ಸಿನಲ್ಲಿ ಕಿಟಕಿ ಬದಿ ಕುಳಿತು ಬರುವಾಗ ನಾನು ಗೆದ್ದವಳ ಹಾಗೆ ಬಂದೆ.

ಮೇ ತಿಂಗಳ ಕೊನೆಯ ಶನಿವಾರ ಮನೆ ಬದಲಿಸಿದೆವು. ಮಂಚ, ಕಪಾಟು ಪಿಕಪ್ಪಿನಲ್ಲಿ ಮುಂದೆ ಹೋದವು. ಜೀಪಿನಲ್ಲಿ ನಾವು. ಹಿಂದೆ ಪಾತ್ರೆಗಳ ನಡುವೆ ನೀವಿಬ್ಬರು, ಮುಂದೆ ತೊಡೆಯ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟುಕೊಂಡು ನಾನು. ಕಾಣಿಯೂರು, ಸವಣೂರು ದಾಟಿ ಪುತ್ತೂರು ಮುಟ್ಟುವವರೆಗೆ ಸಣ್ಣವನು ದಾರಿಯಲ್ಲಿ ಕಂಡವರಿಗೆಲ್ಲ “ಗುಂಡ್ಯ, ಗುಂಡ್ಯ, ಗುಂಡ್ಯ” ಎಂದು ಕೂಗುತ್ತ ಬಂದ. ಅಜ್ಜ ಜನ ಕರೆಯುತ್ತಿದ್ದುದು ಹಾಗೆ ಎಂದು ನಾನೇ ಹೇಳಿಕೊಟ್ಟಿದ್ದೆ. ಸವಣೂರಿನಲ್ಲಿ ಒಬ್ಬರು ನಿಜವಾಗಿಯೂ ಹತ್ತಲು ಬಂದರು.

ನಿಮ್ಮ ಅಮ್ಮ ಜೀಪನ್ನು ಅಂಕಣದೊಳಗೆ ತಂದಳು. ಮುಂದಿನ ಬಂಪರ್ ಗೋಡೆಗೆ ಮುತ್ತಿಡುವಷ್ಟು ಹತ್ತಿರ ಹೋಯಿತು. ಇಳಿದು ಹಿಂದೆ ಹೋಗಿ ನೋಡಿದೆವು. ಕಬ್ಬಿಣದ ಮೆಟ್ಟಿಲು, ಅದರ ಮೇಲಿನ ಬಾಗಿಲು, ಎಲ್ಲ ಹಳದಿ ಗೆರೆಯಿಂದ ಆಚೆ. ಬೆರಳಷ್ಟು, ಗೇಣಷ್ಟು ಅಲ್ಲ, ಎರಡಡಿಗೂ ಹೆಚ್ಚು.

ಮೇಲಿನಿಂದ ವಿಸಿಲ್ ಕೇಳಿತು.

ಮಾಸ್ಟ್ರು ಟೇಪು ಹಿಡಿದೇ ಇಳಿದು ಬಂದರು. “ಔಟ್! ನಾನು ಆವತ್ತೇ ಹೇಳಿದ್ದೆ. ಯಾರು ಅಳೆದದ್ದು?”

ನಿಮ್ಮ ಅಮ್ಮ ನನ್ನನ್ನು ನೋಡಿದಳು. ನೀವಿಬ್ಬರೂ ನೋಡಿದಿರಿ. ನಾನು ಭರಣಿಯನ್ನು ನೋಡಿದೆ.

“ಇವರು ಹೇಳ್ತಾರಲ್ಲ, ಎರಡು ಮಾರು ಒಂದು ಮೊಳ ಅಂತ,” ಎಂದಳು ನಿಮ್ಮ ಅಮ್ಮ. “ಅಪ್ಪ ಯಾವಾಗಲೂ ಹಾಗೇ ಹೇಳುದು ಸರ್. ಅದು ತಪ್ಪುದಿಲ್ಲ.”

ಮಾಸ್ಟ್ರಿಗೆ ಇದು ಅಂಗಸಾಧನೆಯ ವಿಷಯವಾಯಿತು. ಅವರು ಜೀಪಿನ ಮಗ್ಗುಲಿಗೆ ನಿಂತು ಎರಡೂ ಕೈ ಚಾಚಿದರು. ಒಂದು. ಎರಡು. ಮೇಲೊಂದು ಮೊಳ. ಮೆಟ್ಟಿಲಿನ ಅಂಚಿಗೆ ಅವರ ನಡುಬೆರಳು ತಂದಿಟ್ಟ ಹಾಗೆ ಮುಟ್ಟಿತು.

“ಲೆಕ್ಕ ಸರಿ ಉಂಟಲ್ಲ!” ಎಂದರು ಅವರೇ ಬೆರಗಾಗಿ. “ಹಾಗಾದರೆ ಅಂಕಣ ಅಳೆದದ್ದು ಹೇಗೆ? ನೀವೊಮ್ಮೆ ತೋರಿಸಿ ಅಮ್ಮ.”

ನಾನು ಭರಣಿ ಕೆಳಗಿಟ್ಟು, ಹೇರ್‌ಪಿನ್ನಿನ ಗೀರುಗಳಿದ್ದ ಗೋಡೆಯ ಹತ್ತಿರ ಹೋಗಿ ಕೈ ಚಾಚಿದೆ. ಮಾಸ್ಟ್ರು ನನ್ನ ಹಿಂದೆ ನಿಂತು, ನನ್ನ ಕೈಯ ಮೇಲಿನಿಂದ ತಮ್ಮ ಕೈ ಚಾಚಿದರು. ಆ ಕಡೆ ಒಂದು ಗೇಣು, ಈ ಕಡೆ ಒಂದು ಗೇಣು ಅವರದೇ ಹೆಚ್ಚು.

ಮೊದಲು ನಕ್ಕವಳು ದೊಡ್ಡವಳು. “ಅಜ್ಜೀ, ಅಜ್ಜನ ಮಾರು ಬೇರೆ, ನಿನ್ನ ಮಾರು ಬೇರೆ!”

ಅವಳು ತಾನೂ ಕೈ ಚಾಚಿ ನಿಂತಳು. ಸಣ್ಣವನೂ ನಿಂತ. ನಿಮ್ಮ ಅಮ್ಮ ಕೂಡ. ಮನೆ ಬದಲಿಸಿದ ದಿನ, ಸಾಮಾನು ಇಳಿಸುವುದು ಬಿಟ್ಟು, ನಾವೈದು ಜನ ಪಾರ್ಕಿಂಗಿನಲ್ಲಿ ಕೈ ಚಾಚಿ ಕಾಗೆ ಬೆದರಿಸುವ ಬೊಂಬೆಗಳ ಹಾಗೆ ನಿಂತೆವು. ನಾನೂ ನಕ್ಕೆ. ಆದರೆ ಅಷ್ಟು ವರ್ಷ ಅಜ್ಜನ ಪಕ್ಕದಲ್ಲಿದ್ದವಳು, ಅವರ ಅಂಗಿಯ ತೋಳನ್ನು ದಿನವೂ ಒಗೆದು ಹಿಂಡಿದವಳು, ಆ ಕೈ ನನ್ನದಕ್ಕಿಂತ ಉದ್ದ ಎಂದು ಗೊತ್ತಿಲ್ಲದವಳಲ್ಲ. ಗೊತ್ತಿದ್ದೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವರು ಹೇಳಿದ ಮಾರು ಎಂದರೆ ಅದು ಎಲ್ಲರ ಮಾರು ಎಂದೇ ನಾನು ತಿಳಿದಿದ್ದೆ.

ಮಾಸ್ಟ್ರು ನಗು ಮುಗಿಸಿ ಮತ್ತೆ ಮಾಸ್ಟ್ರಾದರು. “ನಾಳೆ ಸಂಜೆಯವರೆಗೆ ಟೈಮ್. ಆ ಮೆಟ್ಟಿಲು ಕತ್ತರಿಸಿದರೆ ಸ್ವಲ್ಪ ಕಡಿಮೆ ಆಗ್ತದೆ.”

“ಅದು ಕತ್ತರಿಸಿದರೂ ಸಾಕಾಗುದಿಲ್ಲ ಸರ್,” ಎಂದಳು ನಿಮ್ಮ ಅಮ್ಮ. ಅವಳು ಆಚೆ ಹೋಗಿ ಗುಂಡ್ಯಕ್ಕೆ ಫೋನು ಮಾಡಿದಳು. ನಾಳೆ ಮಧ್ಯಾಹ್ನ ಬರುತ್ತಾರಂತೆ. ಡ್ರೈವರ್ ಸೀಟಿನಲ್ಲಿ ದಾಸವಾಳ ನನ್ನ ಕಣ್ಣಿಗೆ ಕಟ್ಟಿತು.

ಮರುದಿನ ಬೆಳಿಗ್ಗೆ ಚಹಾ ಕುಡಿದು ಬಾಲ್ಕನಿಯಿಂದ ಕೆಳಗೆ ನೋಡಿದೆ. ಕಟ್ಟಡದ ಮೂಲೆಯಲ್ಲಿ, ಕಂಬಗಳ ಆಚೆ, ಮೇಲೆ ಸೂರಿಲ್ಲದ ಒಂದು ಅಂಕಣ ಇತ್ತು. ನಮ್ಮದಕ್ಕಿಂತ ಉದ್ದ. ಅದರಲ್ಲಿ ಕಾರಿಲ್ಲ, ಒಂದು ಸ್ಕೂಟರ್ ಮಾತ್ರ. ಉಳಿದ ಜಾಗದ ತುಂಬ ಚಾಪೆ, ಚಾಪೆಯ ತುಂಬ ಹಲಸಿನಕಾಯಿ ಹಪ್ಪಳ. ನಡುವೆ ನನಗೆ ನೀರು ಕುಡಿಸಿದ ಉಮ್ಮ ಬಗ್ಗಿ ಹಪ್ಪಳ ಮಗುಚುತ್ತ, ಒಂದು ಕೈಯಲ್ಲಿ ಕೋಲು ಬೀಸಿ ಕಾಗೆ ಓಡಿಸುತ್ತ, ಬೆಕ್ಕಿಗೆ ಬೈಯುತ್ತ ಇದ್ದರು.

ನಾನು ಕೆಳಗಿಳಿದೆ. ನಮ್ಮ ಕಡೆ ಹೆಂಗಸರಿಗೆ ಒಂದು ಕ್ರಮ ಉಂಟು. ಏನಾದರೂ ಕೇಳಬೇಕಾದರೆ ನೇರ ಹೋಗಿ ಕೇಳುವುದಿಲ್ಲ. ಅವರು ಮಾಡುತ್ತಿರುವ ಕೆಲಸಕ್ಕೆ ಕುಳಿತು ಕೈ ಹಾಕುವುದು. ಕೆಲಸ ನಡೆಯುತ್ತ ಮಾತು ತಾನೇ ಬರುತ್ತದೆ. ನಾನು ಚಾಪೆಯ ಈಚೆ ತುದಿಯಲ್ಲಿ ಕುಳಿತು ಹಪ್ಪಳ ಮಗುಚಲು ಶುರು ಮಾಡಿದೆ. ಹತ್ತನೆಯ ಹಪ್ಪಳಕ್ಕೆ ಕೇಳುವುದು ಎಂದುಕೊಂಡಿದ್ದೆ. ನಲವತ್ತು ದಾಟಿತು, ಬಾಯಿ ಬರಲಿಲ್ಲ.

ಉಮ್ಮನೇ ಕೇಳಿದರು. “ಈಗ ತಲೆ ತಿರುಗುದು ಹೇಗುಂಟು?”

“ಅದು ತಲೆ ತಿರುಗಿದ್ದಲ್ಲ. ಅಳೆದದ್ದು.”

“ಅಳೆದದ್ದಾ? ಗೋಡೆಯನ್ನಾ? ನಾನು ಮಗನಿಗೆ ಹೇಳಿದ್ದೇನೆ ಮಾರಾಯ್ತಿ, ಮೇಲೆ ಬರುವವರಿಗೆ ಬಿಪಿ ಜೋರುಂಟು, ನೋಡಿಕೊಳ್ಬೇಕು ಅಂತ!” ಎಂದು ಚಾಪೆಯ ಮೇಲೇ ಕುಳಿತು ನಕ್ಕರು. “ನಿನ್ನೆ ಪೀಪಿ ಊದಿದ್ದು ಅದಕ್ಕೇಯಾ? ಆ ಮಾಸ್ಟ್ರಿಗೆ ಕಾಗೆಗೂ ಪೀಪಿ, ಮನುಷ್ಯರಿಗೂ ಪೀಪಿ.”

ಹಾಗೆ ನಗುವವರ ಎದುರು ನನಗೆ ಧೈರ್ಯ ಬಂತು. ಮಾರಿನ ಕಥೆ ಹೇಳಿದೆ. ಗುಂಡ್ಯದವರು, ಚಕ್ರ ಬಿಚ್ಚುವುದು, ಮಣ್ಣು ತುಂಬಿಸುವುದು, ದಾಸವಾಳ, ಎಲ್ಲ ಹೇಳಿದೆ. ನಿಮ್ಮ ಅಮ್ಮನಿಗೆ ಹೇಳದ್ದನ್ನೂ ಹೇಳಿದೆ. ಕೊನೆಗೆ, “ಈ ಜಾಗ ನಮಗೆ ಕೊಟ್ಟು ನಮ್ಮದು ನೀವು ತಕೊಂಡರೆ ಆಗ್ತದಾ?” ಎಂದು ಕೇಳಿಯೇಬಿಟ್ಟೆ.

ಉಮ್ಮ ಕೈಯ ಹಪ್ಪಳ ಕೆಳಗಿಟ್ಟರು. “ಜಾಗದ್ದು ಎಂತ ದೊಡ್ಡ ಸಂಗತಿ? ಸ್ಕೂಟರ್ ಎಲ್ಲಿಯೂ ನಿಲ್ತದೆ. ಆದರೆ ನನ್ನ ಹಪ್ಪಳ? ಟೆರೇಸು ಹತ್ತುವ ಅಂದ್ರೆ ಕಾಲು ಕೇಳುದಿಲ್ಲ. ನಿಮ್ಮ ಆ ಜಾಗ ಗುಹೆಯ ಹಾಗೆ. ಅಲ್ಲಿಟ್ಟರೆ ಒಣಗುದು ಬಿಡಿ, ಬೂಸ್ಟು ಹಿಡಿತದೆ. ಮಳೆ ಬರ್ಲಿಕ್ಕೆ ವಾರ ಇಲ್ಲ. ಇನ್ನೂ ಎರಡು ಹಲಸಿನಕಾಯಿ ಕೊಯಿದದ್ದು ಹಾಗೇ ಉಂಟು.”

ಅದೂ ನ್ಯಾಯದ ಮಾತೇ. ನಾವಿಬ್ಬರೂ ಮತ್ತೆ ಹಪ್ಪಳ ಮಗುಚಿದೆವು. ಉಮ್ಮ ಸೊಂಟ ಹಿಡಿದುಕೊಂಡು ಎದ್ದು “ಯಾ ಅಲ್ಲಾ” ಎಂದರು. ಅವರು ಸೊಂಟ ಹಿಡಿದದ್ದನ್ನು ನೋಡಿದಾಗ ನನಗೆ ಹೊಳೆಯಿತು.

ಕಡಬದಲ್ಲಿ ಬಂದ್ ಇದ್ದ ದಿನ ಅಜ್ಜನ ಜೀಪು ಅಂಗಳದಲ್ಲೇ ನಿಲ್ಲುತ್ತಿತ್ತು. ಆಗ ನಾನು ಅದರ ಬಾನೆಟ್ಟಿನ ಮೇಲೆ ಹಳೆ ಸೀರೆ ಹಾಸಿ ಮೆಣಸು ಒಣಗಿಸುತ್ತಿದ್ದೆ. ಮಂಚದ ಹಾಗೆ ಚಪ್ಪಟೆ, ಸೊಂಟದ ಎತ್ತರ, ಕೆಳಗೆ ಕಾದ ತಗಡು. ಎರಡು ದಿನದ್ದು ಒಂದು ದಿನಕ್ಕೇ ಒಣಗುತ್ತಿತ್ತು. ಮರುದಿನ ಮುಂದಿನ ಸೀಟಿನ ಪ್ರಯಾಣಿಕರೆಲ್ಲ ಗುಂಡ್ಯದವರೆಗೆ ಸೀನಿಕೊಂಡು ಹೋದರೆಂದು ಅಜ್ಜ ಬೈದಿದ್ದರು.

“ಬಗ್ಗುವ ಕೆಲಸ ಇಲ್ಲ,” ಎಂದೆ ಉಮ್ಮನಿಗೆ. “ಜೀಪು ಇಲ್ಲೇ ಬಿಸಿಲಿಗೆ ನಿಲ್ತದಲ್ಲ. ಬಾನೆಟ್ ಪೂರ್ತಿ ನಿಮ್ಮದು. ಬೆಕ್ಕು ಹತ್ತಿದರೆ ಕಾಲು ಸುಡ್ತದೆ, ಮತ್ತೆ ಆ ಕಡೆ ತಲೆ ಹಾಕುದಿಲ್ಲ.”

ಉಮ್ಮ ಜೀಪಿನ ಹತ್ತಿರ ಹೋದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒರೆಸಿ ನೋಡಿದರು. ಬಟ್ಟೆ ಅಂಗಡಿಯಲ್ಲಿ ಸೀರೆ ನೋಡುವವರ ಹಾಗೆ ಈ ಬದಿಯಿಂದ, ಆ ಬದಿಯಿಂದ ನೋಡಿದರು.

“ಎಷ್ಟು ಹಿಡಿಬಹುದು?”

“ಅರುವತ್ತು ಹಪ್ಪಳ,” ಎಂದೆ. ತಕ್ಷಣ ಹೆದರಿಕೆಯಾಗಿ, “ನನ್ನ ಲೆಕ್ಕ ನಂಬಬೇಡಿ, ನೀವೇ ಇಟ್ಟು ನೋಡಿ,” ಎಂದೆ.

ಮಾಸ್ಟ್ರನ್ನು ಕರೆಸಿದೆವು. ಇಬ್ಬರೂ ಒಪ್ಪಿದ್ದಾರೆ ಎಂದರೆ ತಮ್ಮದೇನೂ ಅಡ್ಡಿಯಿಲ್ಲ, ಗೆರೆ ದಾಟಬಾರದು ಅಷ್ಟೆ ಎಂದರು. ನಿಮ್ಮ ಅಮ್ಮ ಎಲ್ಲ ಕೇಳಿ ಕೀ ತಂದು ಜೀಪನ್ನು ಹಿಂದೆ ತೆಗೆದು ಮೂಲೆಗೆ ತಂದಳು. ಮಾಸ್ಟ್ರು ವಿಸಿಲ್ ಊದುತ್ತ “ಬರ್ಲಿ, ಬರ್ಲಿ, ಸಾಕ್!” ಎಂದು ನಿಲ್ಲಿಸಿದರು. ಮೆಟ್ಟಿಲಿನ ಹಿಂದೆ ಒಂದಡಿ ಜಾಗ ಮಿಕ್ಕಿತು. ಉಮ್ಮ ಬಾನೆಟ್ಟಿನ ಮೇಲೆ ಬಿಳಿ ವಸ್ತ್ರ ಹಾಸಿದರು. ನಾವಿಬ್ಬರೂ ಹಪ್ಪಳ ಹರಡಿದೆವು. ಐವತ್ತೆರಡು ಹಿಡಿಯಿತು.

ನಿಮ್ಮ ಅಮ್ಮ ಗುಂಡ್ಯಕ್ಕೆ ಮಾಡಿದ ಫೋನು ಸಿಗಲಿಲ್ಲ. ಮಧ್ಯಾಹ್ನ ಗುಂಡ್ಯದವರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೊತೆಗೆ ಜೀಪು ಓಡಿಸಿಕೊಂಡು ಹೋಗಲು ಒಬ್ಬ ಡ್ರೈವರ್. ಜೀಪು ನೋಡಿ ನಿಂತರು.

“ಇದೆಂತ, ಮೇಲೆ?”

“ಹಪ್ಪಳ,” ಎಂದರು ಉಮ್ಮ, ಕುರುಡರಿಗೆ ಹೇಳುವ ಹಾಗೆ.

“ಅದು ಗೊತ್ತಾಯ್ತು. ತೆಗಿಬೇಕಲ್ಲ? ಗಾಡಿ ಕೊಂಡುಹೋಗ್ಲಿಕ್ಕೆ ಉಂಟು.”

“ಹಸಿ ಹಪ್ಪಳ ತೆಗಿಲಿಕ್ಕಾಗುದಿಲ್ಲ. ಎರಡು ದಿವಸ ಬೇಕು.”

“ಹಾಗಾದರೆ ಬುಧವಾರ ಬರ್ತೇನೆ.”

ನಿಮ್ಮ ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅವಳಿಗಿಂತ ಮೊದಲು ಒಂದು ದನಿ ಬಂತು. ಅದು ನನ್ನದೆಂದು ನನಗೇ ತಡವಾಗಿ ಗೊತ್ತಾಯಿತು.

“ಬರ್ಬೇಡಿ. ಜೀಪು ಕೊಡ್ಲಿಕ್ಕೆ ಇಲ್ಲ. ಅದು ನನಗೆ ಬೇಕು.”

ಮೇಲಿನ ಬಾಲ್ಕನಿಯಲ್ಲಿ ನೀವಿಬ್ಬರೂ ಚಪ್ಪಾಳೆ ತಟ್ಟಿದಿರಿ. ನನಗೆ ಕಿವಿಯವರೆಗೆ ಬಿಸಿಯಾಯಿತು. ಗುಂಡ್ಯದವರು ನಿಮ್ಮ ಅಮ್ಮನ ಕಡೆ ತಿರುಗಿದರು. ಅವಳು, “ಜೀಪು ಅಮ್ಮನದ್ದು. ಅಮ್ಮ ಹೇಳಿದ ಮೇಲೆ ಮುಗೀತು. ನಿಮಗೆ ಎರಡು ಸಲ ತೊಂದರೆ ಕೊಟ್ಟೆ, ತಪ್ಪಾಯ್ತು,” ಎಂದಳು. ಪಾಪ, ಅವರು ಒಳ್ಳೆಯವರು. ಸ್ವಲ್ಪ ಹೊತ್ತು ಮುಖ ಉಬ್ಬಿಸಿಕೊಂಡು ನಿಂತರು. ಉಮ್ಮ ಹಿಂದಿನ ವಾರದ ಒಣಗಿದ ಹಪ್ಪಳದ ಒಂದು ಕಟ್ಟು ಕೈಗೆ ಕೊಟ್ಟ ಮೇಲೆ ನಕ್ಕು ಹೋದರು. ಈಗ ಅವರ ಹೋಟೆಲಿನ ಎದುರು ಒಂದು ಎತ್ತಿನ ಗಾಡಿ ಉಂಟಂತೆ, ಅದರಲ್ಲಿ ದಾಸವಾಳ.

ಅವರು ಹೋದ ಮೇಲೆ ನಿಮ್ಮ ಅಮ್ಮ ಜೀಪಿನ ಮೆಟ್ಟಿಲ ಮೇಲೆ ಕುಳಿತುಕೊಂಡಳು.

“ನಿನಗೆ ಬೇಕು ಅಂತ ಮೊದಲೇ ಒಂದು ಮಾತು ಹೇಳ್ಬಹುದಿತ್ತಲ್ಲಮ್ಮ. ಆ ಮೊದಲಿನ ಮನೆಯಲ್ಲಿ ವಾಸನೆ ಕೂಡ ಇರ್ಲಿಲ್ಲ, ಅಲ್ವಾ?”

“ಇರ್ಲಿಲ್ಲ,” ಎಂದೆ.

“ನಾನೂ ಮೂಗು ಹಿಡಿದು ಹಿಡಿದು ನೋಡಿದೆ.” ನಗುತ್ತ ಅವಳು ಕಣ್ಣು ಒರೆಸಿಕೊಂಡಳು. ಸ್ವಲ್ಪ ಸರಿದು ಕುಳಿತು ಮೆಟ್ಟಿಲ ಮೇಲೆ ನನಗೂ ಜಾಗ ಮಾಡಿದಳು. ಅಷ್ಟು ಸಪೂರದ ಮೆಟ್ಟಿಲಿನ ಮೇಲೆ ಇ‌ಬ್ಬರೂ ಹೇಗೋ ಹಿಡಿದೆವು.

ಇದಾಗಿ ನಾಲ್ಕು ವರ್ಷ. ಉಮ್ಮನ ಹಪ್ಪಳ ಪ್ರತಿ ಬೇಸಗೆ ನಮ್ಮ ಬಾನೆಟ್ಟಿನ ಮೇಲೆ ಒಣಗುತ್ತದೆ. ಭಾನುವಾರ ಜೀಪು ಹೊರಗೆ ತೆಗೆಯುವುದಿದ್ದರೆ ಹಿಂದಿನ ದಿನ ಅವರನ್ನು ಕೇಳಬೇಕು. ಮಳೆಗಾಲದಲ್ಲಿ ಟಾರ್ಪಾಲು ಹೊದಿಸಿದ ಮೇಲೆ ಒಳಗೆ ನಿಮ್ಮ ಆಟ, ಪಾಠ, ಜಗಳ. ಟಾರ್ಪಾಲು ಹೊಸದು ಹೊಲಿಸುವಾಗ ಮಾಸ್ಟ್ರನ್ನು ಕರೆದುಕೊಂಡು ಹೋದೆವು, ಕೈ ಅಳತೆಗೆ.

ಮತ್ತೆ ನಿಮ್ಮದೊಂದು ಆಟ ಉಂಟಲ್ಲ, ಹುಟ್ಟಿದ ಹಬ್ಬದ ದಿನ ಜೀಪಿನ ಮಗ್ಗುಲಿಗೆ ಎದೆ ಒತ್ತಿ ಕೈ ಚಾಚುವುದು. ಎರಡು ಮಾರು, ಒಂದು ಮೊಳ ಹಾಕಿದಾಗ ಬೆರಳು ಮೆಟ್ಟಿಲಿನ ಅಂಚು ಮುಟ್ಟಿದರೆ ಅಜ್ಜನಷ್ಟು ಉದ್ದದ ಕೈ. ದೊಡ್ಡವಳು ಹೋದ ವರ್ಷವೇ ನನ್ನನ್ನು ದಾಟಿದಳು. ಅವಳಿಗೆ ಇನ್ನೂ ಒಂದು ಮೊಳ ಬಾಕಿ. ಸಣ್ಣವನಿಗೆ ಬಹಳ ಬಾಕಿ ಉಂಟು. ಆದರೂ ಅವನು ಪ್ರತಿ ಸಲ ಗುರುತಿನಿಂದ ಕೈಯನ್ನು ಸ್ವಲ್ಪ ಮುಂದೆ ಜಾರಿಸಿ ಮೋಸ ಮಾಡುತ್ತಾನೆ. ನನಗೆ ಕಾಣುವುದಿಲ್ಲ ಎಂದುಕೊಂಡಿದ್ದಾನೆ. ಗುರುತಿಗೆ ಬೆರಳಿಟ್ಟು ಹಿಡಿಯುವುದು ನಾನಲ್ಲವೇ, ನನಗೆ ಗೊತ್ತಾಗುತ್ತದೆ. ನಾನೂ ಸ್ವಲ್ಪ ಬೆರಳು ಸರಿಸಿ ಕೊಡುತ್ತೇನೆ.